ಆಟದ ಬಯಲಿನಲ್ಲಿ ನಗೆ

ಪಂದ್ಯಕ್ಕೆ ಮುನ್ನ ನಗೆಯಾಡುವ ವಿದ್ಯಾರ್ಥಿಯನ್ನು ವ್ಯಾಯಾಮದ ಉಪಾಧ್ಯಾಯರು ಗದರಿಸುವುದುಂಟು. ಅವನಿಗೆ ಗೆಲ್ಲುವ ಛಲವಿಲ್ಲವೆಂಬುದು ಅವರ ತೀರ್ಪು. ಇದನ್ನು ನಾವು ಒಪ್ಪಲಾರೆವು.

ಪಂದ್ಯದ ಆತಂಕವು ಹೇಡಿತನವಲ್ಲ. ಅಡ್ರಿನಲಿನ್ ರಕ್ತದಲ್ಲಿ ಬೆರೆತು ಎದೆಬಡಿತವನ್ನು ಏರಿಸುವ ದೇಹಧರ್ಮ. ಮಿತವಾಗಿದ್ದರೆ ಅದರಿಂದ ಸಹಾಯವೇ ಆಗುತ್ತದೆ. ಮಿತಿಮೀರಿದರೆ ಸ್ನಾಯುಗಳು ಬಿಗಿದುಕೊಳ್ಳುತ್ತವೆ. (ವೀಣೆಯ ತಂತಿಯನ್ನು ಶ್ರುತಿಮಾಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.) 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ 100 ಮೀಟರುಗಳನ್ನು 9.69 ಸೆಕೆಂಡುಗಳಲ್ಲಿ ಓಡಿದ ಉಸೇನ್ ಬೋಲ್ಟ್, ಓಟಕ್ಕೆ ಮುನ್ನ ವಿನೋದದ ಚೇಷ್ಟೆಗಳನ್ನು ಮಾಡುತ್ತಿದ್ದುದನ್ನು ಲೋಕವೇ ನೋಡಿದೆ. ಅವರಿಗೆ ಛಲವಿರಲಿಲ್ಲವೆ?

ಆದರೆ ಎಲ್ಲ ನಗೆಯೂ ಒಂದೇ ಅಲ್ಲ. ಕೆನಡಾದ ಮನೋವಿಜ್ಞಾನಿ ರಾಡ್ ಮಾರ್ಟಿನ್ ಮತ್ತು ಸಂಗಡಿಗರು 2003ರಲ್ಲಿ ಹಾಸ್ಯವನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು. ಕಷ್ಟದಲ್ಲಿಯೂ ವಿನೋದವನ್ನು ಕಾಣಬಲ್ಲವರಲ್ಲಿ ಆತಂಕವು ಕಡಿಮೆಯೆಂದೂ ತಮ್ಮನ್ನೇ ಹಳಿದುಕೊಂಡು ಇತರರನ್ನು ನಗಿಸುವವರಲ್ಲಿ ಹೆಚ್ಚೆಂದೂ ಕಂಡುಬಂದಿತು. ಇವುಗಳಲ್ಲಿ ಕಾರಣ ಯಾವುದು, ಕಾರ್ಯ ಯಾವುದು ಎಂಬುದನ್ನು ಇಂತಹ ಎಣಿಕೆಯೊಂದೇ ಹೇಳಲಾರದು.

‘ನನ್ನಿಂದಲೇ ತಂಡ ಮುಳುಗುತ್ತದೆ’ ಎಂದು ದಿನವೂ ನಗಿಸುವ ಗೆಳೆಯನಿದ್ದರೆ, ವಿದ್ಯಾರ್ಥಿಗಳೇ, ಅವನೊಡನೆ ನಗುವುದನ್ನು ಬಿಟ್ಟು ಪಕ್ಕದಲ್ಲಿ ಕುಳಿತು ಮಾತನಾಡಿಸಿರಿ. ಉಪಾಧ್ಯಾಯರು ಗದರಿಸಲೇಬೇಕೆಂದಿದ್ದರೆ, ಎಡವಿ ಬಿದ್ದವನನ್ನು ಕಂಡು ನಗುವವರನ್ನು ಗದರಿಸಲಿ.