ಸೆಕ್ಟರ್ ಫೈವ್‌ಗೆ ಬಂದ ಉಪ್ಪಾಗೆ

“ಔಷಧಿಯೇನಲ್ಲ, ಬರೀ ಸಪ್ಲಿಮೆಂಟ್. ತಗೊಂಡರೆ ಕಳ್ಕೊಳ್ಳೋದೇನು?” ಕೋಲ್ಕತ್ತದ ಐಟಿ ಪ್ರದೇಶವಾದ ಸೆಕ್ಟರ್ ಫೈವ್‌ನಲ್ಲಿ ಕೆಲಸ ಮಾಡುವವರ ನಡುವೆ ಈ ಮಾತು ಎಷ್ಟು ಸಲೀಸಾಗಿ ಓಡಾಡುತ್ತದೆಂದರೆ, ಇದೂ ಒಂದು ವಾದ, ಇದನ್ನೂ ಪರೀಕ್ಷಿಸಬೇಕು ಎಂದು ಯಾರಿಗೂ ಅನ್ನಿಸುವುದಿಲ್ಲ. ಥೈರಾಯ್ಡ್‌ಗೆ ಒಂದು ಡಬ್ಬಿ, ಪಿಸಿಒಎಸ್‌ಗೆ ಒಂದು, ಶುಗರ್ ಗಡಿ ಮುಟ್ಟಿದೆ ಎಂದವರಿಗೆ ಇನ್ನೊಂದು, ಉದುರುವ ಕೂದಲಿಗೆ, ಬಾರದ ನಿದ್ದೆಗೆ ಮತ್ತೆರಡು. ಹೀಗೆ ಹೇಳುವವರು ದಡ್ಡರಲ್ಲ. ಯಾವುದೋ ದೇಶದ ಬ್ಯಾಂಕಿನ ಸಾಫ್ಟ್‌ವೇರಿಗೆ ಎರಡು ಸಾಲು ಕೋಡ್ ಸೇರಿಸಬೇಕಾದರೂ ಹತ್ತು ಕಡೆ ಟೆಸ್ಟ್ ಮಾಡಿಸದೆ ಬಿಡದ ಜನ. ಅದೇ ಜನ ತಮ್ಮ ಲಿವರ್ ದಿನಾ ಅರಗಿಸಬೇಕಾದ ಗುಳಿಗೆಯ ಬಗ್ಗೆ ಒಂದೂ ಪ್ರಶ್ನೆ ಕೇಳುವುದಿಲ್ಲ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಹಾರ್ಮೋನನ್ನು ಏರಿಸುವ, ಇಳಿಸುವ ಶಕ್ತಿ ಒಂದು ಪದಾರ್ಥಕ್ಕೆ ನಿಜವಾಗಿಯೂ ಇದ್ದರೆ ಕೆಡಿಸುವ ಶಕ್ತಿಯೂ ಇರುತ್ತದೆ. ಅಂಥ ಶಕ್ತಿಯೇ ಇಲ್ಲವೆಂದಾದರೆ ಅದಕ್ಕೆ ದುಡ್ಡು ಸುರಿಯುವುದೇಕೆ? ಪೂರಕ ಎಂದು ಏನನ್ನಾದರೂ ನುಂಗುವ ಮೊದಲು ಯಾವ ಕೊರತೆಯನ್ನು ತುಂಬುತ್ತಿದ್ದೇವೆ, ಆ ಕೊರತೆಯನ್ನು ಅಳೆದವರು ಯಾರು ಎಂಬುದಕ್ಕೆ ಉತ್ತರ ಬೇಕು. ಸೆಕ್ಟರ್ ಫೈವ್‌ನಲ್ಲಿ ಕೊರತೆಗಳು ಬೇಕಾದಷ್ಟಿವೆ. ಅವುಗಳಲ್ಲಿ ಮುಖ್ಯವಾದವು ಡಬ್ಬಿಯಲ್ಲಿ ಸಿಗುವಂಥವಲ್ಲ.

ಸಪ್ಲಿಮೆಂಟ್ ಎಂದರೆ ಸಾಕು, ಮೋಸ ಎನ್ನುವವರ ಗುಂಪಿಗೂ ನಾನು ಸೇರಿದವನಲ್ಲ. ನಮ್ಮ ದೇಶ ಕಂಡ ಅತಿ ದೊಡ್ಡ ಸಪ್ಲಿಮೆಂಟ್ ಪ್ರತಿ ಅಡುಗೆಮನೆಯ ಉಪ್ಪಿನ ಭರಣಿಯಲ್ಲಿದೆ. 1956ರಲ್ಲಿ, ಈಗ ಹಿಮಾಚಲದಲ್ಲಿರುವ ಕಾಂಗ್ರಾ ಕಣಿವೆಯಲ್ಲಿ, ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಹಳ್ಳಿಗಳನ್ನು ವಿಂಗಡಿಸಿ, ಕೆಲವು ಕಡೆ ಅಯೋಡಿನ್ ಬೆರೆಸಿದ ಉಪ್ಪನ್ನೂ ಕೆಲವು ಕಡೆ ಸಾದಾ ಉಪ್ಪನ್ನೂ ಕೊಟ್ಟು, ಗಳಗಂಡ ಎಷ್ಟು ಇಳಿಯಿತೆಂದು ವರ್ಷಗಟ್ಟಲೆ ನೋಡಿದರು. 1962ರಲ್ಲಿ ಶುರುವಾದ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮಕ್ಕೆ ಆ ದಿಕ್ಕಿನ ಕೆಲಸವೇ ತಳಹದಿ. ಇವತ್ತು ಮನೆಗೆ ಬರುವ ಉಪ್ಪಿನಲ್ಲಿ ಕಿಲೋಗೆ ಕನಿಷ್ಠ 15 ಮಿಲಿಗ್ರಾಂ ಅಯೋಡಿನ್ ಇರಬೇಕು. ಕೊರತೆ ಗೊತ್ತಿತ್ತು, ಪ್ರಮಾಣ ಗೊತ್ತಿತ್ತು, ಫಲವನ್ನು ಅಳೆದಿದ್ದರು, ಕೂಲಿಯವನ ಮನೆಗೂ ಅದು ತಲುಪಿತು. ಕಟ್ಟಾ ಸಸ್ಯಾಹಾರಿಗಳಿಗೆ, ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವವರಿಗೆ ಬಿ12 ಬೇಕಾಗುವುದೂ ಗರ್ಭ ಧರಿಸುವ ಮೊದಲೇ ಫೋಲಿಕ್ ಆಮ್ಲ ಶುರುಮಾಡಬೇಕೆನ್ನುವುದೂ ಇದೇ ಜಾತಿಯ ಮಾತು. ಆದರೆ ನನ್ನ ಸಹೋದ್ಯೋಗಿಗಳಲ್ಲಿ ಕೆಲವರು ಥೈರಾಯ್ಡ್‌ಗೆ ಒಳ್ಳೆಯದೆಂದು ಈ ಉಪ್ಪನ್ನೇ ಬಿಟ್ಟು ಗುಲಾಬಿ ಕಲ್ಲುಪ್ಪಿಗೆ ಹೋಗಿದ್ದಾರೆ. ಅದಕ್ಕೆ ಬೇರೆಯಾಗಿ ಬೆರೆಸದಿದ್ದರೆ ಅಯೋಡಿನ್ ಇರುವುದು ಅತ್ಯಲ್ಪ. ಥೈರಾಯ್ಡ್ ಗ್ರಂಥಿ ತನ್ನ ಹಾರ್ಮೋನನ್ನು ಕಟ್ಟುವುದೇ ಅಯೋಡಿನ್‌ನಿಂದ. ಅರ್ಧ ಶತಮಾನದ ದುಡಿಮೆಯನ್ನು ಹೆಚ್ಚು ಬೆಲೆ ಕೊಟ್ಟು ಕಳೆದುಕೊಳ್ಳುವುದನ್ನು ಕಂಡಾಗ ಸಂಕಟವಾಗುತ್ತದೆ.

ಕೊರತೆ ಅಳೆಯದೆ ನುಂಗುವ ಈ ಚಾಳಿ ನನ್ನ ಮನಸ್ಸಿಗೆ ಇನ್ನಷ್ಟು ನಾಟಿದ್ದು ಪಕ್ಕದ ಮೇಜಿನ ಮೇಲಿದ್ದ ಒಂದು ಡಬ್ಬಿಯಿಂದ. ಹಸಿರು ಲೇಬಲ್, ಮುಂದೆ ದಪ್ಪಕ್ಷರದಲ್ಲಿ ‘ಮೆಟಬಾಲಿಕ್ ಸಪೋರ್ಟ್’, ಕೆಳಗೆ ‘ಗಾರ್ಸಿನಿಯಾ ಕ್ಯಾಂಬೋಜಿಯಾ’. ಹಿಂದೆ, ಕಣ್ಣಿಗೆ ಹತ್ತಿರ ಹಿಡಿದರೆ ಮಾತ್ರ ಕಾಣುವ ಅಕ್ಷರಗಳಲ್ಲಿ, ಔಷಧೀಯ ಬಳಕೆಗಲ್ಲ ಎಂಬ ಸೂಚನೆ. ನಾನು ಶಿರಸಿ ಕಡೆಯವನು. ಈ ಗಾರ್ಸಿನಿಯಾ ಎಂದರೆ ನಮ್ಮ ಉಪ್ಪಾಗೆ. ಮಳೆಗಾಲದಲ್ಲಿ ಕಾಡಿನ ಮರದಲ್ಲಿ ಹಣ್ಣಾಗುವ, ಪುಟ್ಟ ಕುಂಬಳದ ಹಾಗೆ ಗೀರುಗೀರಾದ ಹಳದಿ ಕಾಯಿ. ಸಿಪ್ಪೆಯನ್ನು ಒಣಗಿಸಿ ಕಪ್ಪಾದ ಮೇಲೆ ಹುಳಿಗೆ ಬಳಸುತ್ತೇವೆ. ಬೀಜದಿಂದ ಉಪ್ಪಾಗೆ ತುಪ್ಪ ತೆಗೆಯುತ್ತಾರೆ. ಒಂದು ಪಾತ್ರೆ ಸಾರಿಗೆ ಎರಡು ಎಸಳು ಹಾಕಿದರೆ ಹೆಚ್ಚು. ಮೂರನೆಯದು ಬಿದ್ದರೆ ಹಲ್ಲು ಚಳಿಯುತ್ತದೆ.

ಈ ಸಿಪ್ಪೆಯ ಹುಳಿಗೆ ಕಾರಣ ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂದು 1965ರಲ್ಲಿ ಗುರುತಿಸಿದವರು ಮೈಸೂರಿನ ಸಿಎಫ್‌ಟಿಆರ್‌ಐನ ವೈ. ಎಸ್. ಲೂಯಿಸ್ ಮತ್ತು ಎಸ್. ನೀಲಕಂಠನ್. ಶುದ್ಧ ರಸಾಯನಶಾಸ್ತ್ರದ ಒಳ್ಳೆಯ ಕೆಲಸ. ಕೆಲವೇ ವರ್ಷಗಳಲ್ಲಿ ಅಮೆರಿಕದ ಪ್ರಯೋಗಾಲಯದಲ್ಲಿ ಇನ್ನೊಂದು ಸಂಗತಿ ಗೊತ್ತಾಯಿತು. ದೇಹ ಸಕ್ಕರೆಯನ್ನು ಕೊಬ್ಬಾಗಿಸುವ ದಾರಿಯಲ್ಲಿ ಒಂದು ಕಿಣ್ವವಿದೆ, ಈ ಆಮ್ಲ ಅದನ್ನು ತಡೆಯುತ್ತದೆ. ಇಲಿಗಳಿಗೆ ಕೊಟ್ಟರೆ ಅವು ಕಡಿಮೆ ತಿಂದವು, ಕೊಬ್ಬೂ ಕಡಿಮೆ ಕಟ್ಟಿತು. ವ್ಯಾಪಾರಕ್ಕೆ ಅಷ್ಟು ಸಾಕಾಯಿತು. 90ರ ದಶಕದಲ್ಲಿ ಉತ್ತರ ಕನ್ನಡದ ಕಾಡಿನ ಉಪ್ಪಾಗೆಗೆ ಹಿಂದೆಂದೂ ಕಾಣದ ಬೆಲೆ ಬಂತು. ತಾನು ಕೊಯ್ಯದಿದ್ದರೆ ಇನ್ನೊಬ್ಬ ಕೊಯ್ಯುತ್ತಾನೆಂದು ಬಲಿಯದ ಕಾಯನ್ನೇ ಕಿತ್ತರು, ಹತ್ತಲಾಗದ ಕಡೆ ಕೊಂಬೆ ಕಡಿದರು. ಬಿಸಿಲಿಲ್ಲದ ಮಳೆಗಾಲದಲ್ಲಿ ಒಣಗಿಸಬೇಕಲ್ಲ, ರಾಶಿ ರಾಶಿ ಸೌದೆ ಉರಿಯಿತು. ಆಮೇಲೆ ಬೆಲೆ ಬಿತ್ತು. ಕೊಯ್ಲು ಮಾಡಿದ ಬಡವರಿಗೆ ಕೆಲವು ಮಳೆಗಾಲಗಳ ಕೈಕಾಸು ಸಿಕ್ಕಿದ್ದು ನಿಜ, ಅದನ್ನು ನಾನು ಹಗುರಾಗಿ ಕಾಣುವುದಿಲ್ಲ.

ಇಷ್ಟಾದ ಮೇಲೆ ಮನುಷ್ಯರ ಮೇಲೆ ನೋಡಿದರು. 1998ರಲ್ಲಿ ಅಮೆರಿಕದ ‘ಜಾಮಾ’ ಪತ್ರಿಕೆಯಲ್ಲಿ ಬಂದ ಪರೀಕ್ಷೆಯಲ್ಲಿ ತೂಕ ಹೆಚ್ಚಿದ್ದ 135 ಜನ ಇದ್ದರು. ಎಲ್ಲರಿಗೂ ಒಂದೇ ಬಗೆಯ ಪಥ್ಯ. ಕೆಲವರಿಗೆ ದಿನಕ್ಕೆ 1500 ಮಿಲಿಗ್ರಾಂ ಈ ಆಮ್ಲ, ಉಳಿದವರಿಗೆ ಹುಸಿ ಗುಳಿಗೆ. 12 ವಾರ ಕಳೆದಾಗ ಎರಡೂ ಗುಂಪಿನ ತೂಕ ಇಳಿದಿತ್ತು. ಉಪ್ಪಾಗೆಯಿಂದ ಹೆಚ್ಚೇನೂ ಇಳಿದಿರಲಿಲ್ಲ. ಇಷ್ಟಕ್ಕೇ ಮುಗಿದಿದ್ದರೆ ದುಡ್ಡು ಹೋಯಿತು ಎಂದು ಸುಮ್ಮನಾಗಬಹುದಿತ್ತು. ಆದರೆ ಗಾರ್ಸಿನಿಯಾ ಇರುವ ಗುಳಿಗೆ ತಿಂದು ಲಿವರ್ ಕೆಟ್ಟವರ ವರದಿಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಒಂದರ ಹಿಂದೊಂದು ಬಂದವು. ಲಿವರ್ ಕಸಿಯವರೆಗೆ ಹೋದವರೂ ಇದ್ದಾರೆ. ನನ್ನ ಅಜ್ಜಿಯ ಸಾರು ಯಾರ ಲಿವರನ್ನೂ ಕೆಡಿಸಲಿಲ್ಲ. ಅದು ಅನ್ನದ ಜೊತೆ ಹೊಟ್ಟೆಗೆ ಹೋಗುತ್ತಿತ್ತು, ಎಷ್ಟು ಹೋಗಬೇಕೆಂದು ನಾಲಿಗೆ ತೀರ್ಮಾನಿಸುತ್ತಿತ್ತು. ಸಾರ ಹಿಂಡಿ ಕ್ಯಾಪ್ಸೂಲಿಗೆ ತುಂಬಿದಾಗ ಆ ನಾಲಿಗೆಯ ಕಾವಲು ತಪ್ಪಿಹೋಗುತ್ತದೆ. “ನಮ್ಮ ಹಿರಿಯರು ತಿನ್ನುತ್ತಿದ್ದರು” ಎಂದು ಲೇಬಲ್ ಹೇಳುವಾಗ ಹಿರಿಯರು ಎಷ್ಟು ತಿಂದರು, ಹೇಗೆ ತಿಂದರು ಎಂಬುದನ್ನು ಮರೆಮಾಚಿರುತ್ತದೆ. ನೈಸರ್ಗಿಕವಾದದ್ದು ಹಾನಿ ಮಾಡುವುದಿಲ್ಲ ಎನ್ನುವವರಿಗೆ ಕಾಸರಕನ ಮರವೂ ನಿಸರ್ಗದ್ದೇ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ನಷ್ಟ ಏನು ಎನ್ನುವವರಿಗೆ ಬಯೋಟಿನ್ ಇನ್ನೊಂದು ಉತ್ತರ. ಕೂದಲಿಗೆಂದು ಮಾರುವ ಗುಳಿಗೆಗಳಲ್ಲಿ ಇದು 10 ಮಿಲಿಗ್ರಾಂವರೆಗೂ ಇರುತ್ತದೆ. ದೇಹಕ್ಕೆ ದಿನಕ್ಕೆ ಬೇಕಾದದ್ದು 30–40 ಮೈಕ್ರೋಗ್ರಾಂ, ಅಂದರೆ ಹೆಚ್ಚೆಂದರೆ ಆ ಹತ್ತು ಮಿಲಿಗ್ರಾಂನ ಇನ್ನೂರೈವತ್ತನೇ ಒಂದು ಪಾಲು. ಹೆಚ್ಚಾದದ್ದು ಮೂತ್ರದಲ್ಲಿ ಹೋಗುತ್ತದೆ ಎಂಬ ಸಮಾಧಾನ ಸಾಲದು. ಹೋಗುವ ಮುನ್ನ ಅದು ರಕ್ತದಲ್ಲಿರುತ್ತದೆ. ಥೈರಾಯ್ಡ್ ಅಳೆಯುವ ಅನೇಕ ಯಂತ್ರಗಳು ಬಯೋಟಿನ್ನನ್ನೇ ಕೊಂಡಿಯಾಗಿ ಬಳಸುವುದರಿಂದ ರಕ್ತದಲ್ಲಿ ಅದು ತುಂಬಿದ್ದರೆ ಲೆಕ್ಕ ತಪ್ಪುತ್ತದೆ. ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆಯಾಗಿಯೂ ಟಿ4 ಹೆಚ್ಚಾಗಿಯೂ ಕಾಣುತ್ತವೆ. ಗ್ರಂಥಿ ಸರಿಯಾಗಿರುವವರೂ ಕಾಗದದ ಮೇಲೆ ಥೈರಾಯ್ಡ್ ಅತಿಯಾದ ರೋಗಿಯಾಗುತ್ತಾರೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲೇ ಈ ಬಗ್ಗೆ ಎಚ್ಚರಿಸಿದೆ. ನಮ್ಮ ತಂಡದ ಒಬ್ಬಳು ಇಂಥದೇ ರಿಪೋರ್ಟ್ ಹಿಡಿದು ವಾರವಿಡೀ ನಿದ್ದೆಗೆಟ್ಟಳು. ಎರಡನೇ ಡಾಕ್ಟರು “ಕೂದಲಿಗೆ ಏನಾದರೂ ತಗೋತೀಯಾ ಅಮ್ಮಾ?” ಎಂದು ಕೇಳಿ, ಅದನ್ನು ನಿಲ್ಲಿಸಿ ಮತ್ತೆ ರಕ್ತ ಕೊಡಿಸಿದ ಮೇಲೆ ಎಲ್ಲ ಸರಿಯಿದ್ದದ್ದು ತಿಳಿಯಿತು. ನಿಜವಾಗಿ ಥೈರಾಯ್ಡ್ ಮಾತ್ರೆ ತಗೊಳ್ಳುವವರಿಗೆ ತೊಂದರೆ ಇನ್ನೊಂದು ದಿಕ್ಕಿನಿಂದ. ಕ್ಯಾಲ್ಸಿಯಂ, ಕಬ್ಬಿಣ ಇರುವ ಮಲ್ಟಿವಿಟಮಿನ್ ಅದರ ಜೊತೆಗೇ ನುಂಗಿದರೆ ಮಾತ್ರೆ ಸರಿಯಾಗಿ ಹೀರಿಕೆಯಾಗುವುದಿಲ್ಲ. ನಡುವೆ ನಾಲ್ಕು ಗಂಟೆ ಬಿಡಬೇಕು. ‘ಥೈರಾಯ್ಡ್ ಸಪೋರ್ಟ್’ ಡಬ್ಬಿಗಳಲ್ಲಿ ಸಾಮಾನ್ಯವಾದ ಸೆಲೆನಿಯಂ ಬಗ್ಗೆಯೂ ಒಂದು ಮಾತು. ದಿನಕ್ಕೆ 200 ಮೈಕ್ರೋಗ್ರಾಂನಂತೆ ವರ್ಷಗಟ್ಟಲೆ ಪಡೆದವರ ಒಂದು ಅಮೆರಿಕನ್ ಪರೀಕ್ಷೆಯಲ್ಲಿ, ಹುಸಿ ಗುಳಿಗೆ ಪಡೆದವರಿಗಿಂತ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಬಂತು.

ಆದರೂ ಜನ ಈ ಡಬ್ಬಿಗಳ ಹತ್ತಿರ ಹೋಗುವುದಕ್ಕೆ ನಾನು ಗೌರವಿಸುವ ಕಾರಣವೊಂದಿದೆ. ಪಿಸಿಒಎಸ್ ಇರುವ ಹೆಣ್ಣುಮಗಳು ಡಾಕ್ಟರ ಎದುರು ಕೂತಾಗ ಐದು ನಿಮಿಷದಲ್ಲಿ ಕೇಳುವ ಮಾತುಗಳನ್ನು ನೆನಪಿಸಿಕೊಳ್ಳಿ. ತೂಕ ಇಳಿಸು. ಈ ಗುಳಿಗೆ ತಗೋ. ಮದುವೆಯಾದ ಮೇಲೆ ಸರಿಹೋಗುತ್ತೆ. ಮುಖದ ಮೇಲಿನ ಕೂದಲು, ಮೂರು ತಿಂಗಳಾದರೂ ಬಾರದ ಮುಟ್ಟು, ಕುತ್ತಿಗೆಯ ಹಿಂದಿನ ಕಪ್ಪು, ಇವುಗಳ ಅವಮಾನವನ್ನು ಕೂತು ಕೇಳುವವರು ಅಲ್ಲಿ ಯಾರೂ ಇಲ್ಲ. ಡಬ್ಬಿ ಮಾರುವವರು ಕೇಳುತ್ತಾರೆ, ಹೆಸರು ಹಿಡಿದು ಕರೆಯುತ್ತಾರೆ, ತಪ್ಪು ನಿನ್ನದಲ್ಲ ಎನ್ನುತ್ತಾರೆ. ವೈದ್ಯಲೋಕ ಖಾಲಿ ಬಿಟ್ಟ ಕುರ್ಚಿಯಲ್ಲಿ ಅವರು ಬಂದು ಕೂತಿದ್ದಾರೆ. ಆ ಹೆಣ್ಣುಮಕ್ಕಳನ್ನು ಮೂಢರೆಂದು ಜರೆಯುವವರ ಜೊತೆ ನಾನಿಲ್ಲ.

ಪಿಸಿಒಎಸ್‌ಗೆಂದು ಮಾರುವ ಇನೋಸಿಟಾಲ್ ವಿಷಯದಲ್ಲಿ ನ್ಯಾಯವಾಗಿ ಹೇಳಬೇಕಾದ ಮಾತೂ ಇದೆ. ಪಿಸಿಒಎಸ್ ಕುರಿತ 2023ರ ಅಂತರರಾಷ್ಟ್ರೀಯ ಮಾರ್ಗಸೂಚಿ ಅದನ್ನು ತಳ್ಳಿಹಾಕಿಲ್ಲ. ದೇಹದ ಚಯಾಪಚಯ ಕೊಂಚ ಸುಧಾರಿಸಬಹುದು, ಹಾನಿ ಕಡಿಮೆ, ಬೇಕೆನಿಸಿದವರು ಬಳಸಿ ನೋಡಬಹುದು ಎನ್ನುತ್ತದೆ. ಆದರೆ ಅಂಡೋತ್ಪತ್ತಿಗೆ, ರೋಮಕ್ಕೆ, ತೂಕಕ್ಕೆ ಸಿಗುವ ಪ್ರಯೋಜನ ಸೀಮಿತ ಎಂದೂ ಹೇಳುತ್ತದೆ. ತೆಗೆದುಕೊಳ್ಳುತ್ತಿರುವುದನ್ನು ಡಾಕ್ಟರಿಗೆ ತಿಳಿಸಿ ಎನ್ನುತ್ತದೆ. ನಾನು ಬಯಸುವ ಭಾಷೆ ಇದು. ಇಂಥ ಅಳತೆಯ ಮಾತಿನಿಂದ ಡಬ್ಬಿ ಖರ್ಚಾಗುವುದಿಲ್ಲ, ಹಾಗಾಗಿ ಲೇಬಲ್ ಮೇಲೆ ಅದು ಇರುವುದಿಲ್ಲ. ಸಕ್ಕರೆ ಕಾಯಿಲೆ, ಗಳಗಂಡ, ಬೊಜ್ಜುಗಳನ್ನು ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವುದನ್ನು 1954ರ ಕಾನೂನು ನಿಷೇಧಿಸಿದೆ. ‘ಸಪೋರ್ಟ್’, ‘ಬ್ಯಾಲೆನ್ಸ್’ ಎಂಬ ನುಣುಪು ಮಾತುಗಳು ಆ ಕಾನೂನಿನ ಬೇಲಿಯನ್ನು ದಾಟುವ ಸಂದಿಗಳಾಗಿವೆ.

ಡಬ್ಬಿಯ ಬದಲು ಸಿರಿಧಾನ್ಯ ತಿನ್ನಿ ಎನ್ನುವವರ ವಾದವನ್ನೂ ನಾನು ಮನ್ನಿಸುತ್ತೇನೆ. ಬಿಳಿ ಅನ್ನದ ಬದಲು ಸಾಮೆ, ನವಣೆ ತಿಂದರೆ ಸಕ್ಕರೆ ನಿಧಾನಕ್ಕೆ ಏರುತ್ತದೆ ಎನ್ನುವುದಕ್ಕೆ ಆಧಾರವಿದೆ. ಅದು ಊಟ, ತಟ್ಟೆಯಲ್ಲಿ ಕಾಣುತ್ತದೆ, ಹೊಟ್ಟೆ ತುಂಬಿದರೆ ನಿಲ್ಲುತ್ತದೆ. ಅದೇ ಸಿರಿಧಾನ್ಯವನ್ನು ನುಣ್ಣಗೆ ಪುಡಿಮಾಡಿ, ಬೆಲ್ಲ ಬೆರೆಸಿ, ‘ಡಯಾಬಿಟಿಕ್ ಮಿಕ್ಸ್’ ಎಂದು ಮಾರಿದರೆ ನನ್ನ ಒಪ್ಪಿಗೆ ಅಲ್ಲಿಗೆ ನಿಂತಿತು.

ಇನ್ನು ಸೆಕ್ಟರ್ ಫೈವ್‌ನ ನಿಜವಾದ ಕೊರತೆಗೆ ಬರೋಣ. ಕೂತು ದುಡಿಯುವವರ ಸಕ್ಕರೆ ಕಾಯಿಲೆ ಈ ನಗರಕ್ಕೆ ಹೊಸದಲ್ಲ. 1907ರಲ್ಲಿ ಬ್ರಿಟಿಷ್ ವೈದ್ಯಕೀಯ ಸಂಘ ಉಷ್ಣದೇಶಗಳ ಮಧುಮೇಹದ ಬಗ್ಗೆ ಚರ್ಚೆ ನಡೆಸಿದಾಗಲೇ ಕಲ್ಕತ್ತದ ಓದುಬರಹದ ಬಾಬುಗಳ ಮಾತು ಬಂದಿತ್ತು. ಬಾಬುಗಳಾದರೂ ರಾತ್ರಿ ಮಲಗುತ್ತಿದ್ದರು. ಇಲ್ಲಿ ಅಮೆರಿಕದ ಹಗಲಿಗೆ ನಮ್ಮ ರಾತ್ರಿಯನ್ನು ಒಪ್ಪಿಸಿದವರಿದ್ದಾರೆ. ಇಲ್ಲಿನ ಕಾಲೇಜ್ ಮೋರ್ ವೃತ್ತದ ಸುತ್ತಲಿನ ಗಾಡಿಗಳಲ್ಲಿ ಚೌಮೀನ್ ಬಾಣಲೆಯ ಸದ್ದು, ಮೊಟ್ಟೆ ರೋಲಿನ ಎಣ್ಣೆ, ಮಣ್ಣಿನ ಭಾಂಡದಲ್ಲಿ ಸಕ್ಕರೆ ಕಲಸಿದ ಚಹಾ. ತಿನ್ನುವವರನ್ನು ದೂರುವ ಹಾಗಿಲ್ಲ. ಹಸಿದ ಹೊತ್ತಿಗೆ, ಸಂಬಳಕ್ಕೆ ಸರಿಯಾಗಿ ಬಿಸಿಬಿಸಿ ಸಿಗುವುದು ಅದೇ. ಬೆಳಿಗ್ಗೆ ಕ್ಯಾಬ್ ಇಳಿದು, ದಪ್ಪ ಪರದೆ ಎಳೆದು, ಪಕ್ಕದ ಮನೆಯ ಕುಕ್ಕರ್ ಕೂಗುವ ಹೊತ್ತಿಗೆ ಮಲಗುವವರ ಇನ್ಸುಲಿನ್‌ಗೆ ಹಗಲು ರಾತ್ರಿಯ ಲೆಕ್ಕ ತಪ್ಪುತ್ತದೆ.

2021ರಲ್ಲಿ ಅಮೆರಿಕದ ವಿಜ್ಞಾನಿಗಳು 19 ಮಂದಿ ಯುವಜನರನ್ನು ಪ್ರಯೋಗಾಲಯದಲ್ಲಿಟ್ಟು ಅಣಕು ರಾತ್ರಿಪಾಳಿ ಮಾಡಿಸಿದರು. ರಾತ್ರಿಯೂ ಉಂಡವರ ಸರಾಸರಿ ಸಕ್ಕರೆ ಶೇಕಡಾ 6.4ರಷ್ಟು ಏರಿತು. ಅಷ್ಟೇ ಎಚ್ಚರವಿದ್ದು ಹಗಲಲ್ಲಿ ಮಾತ್ರ ಉಂಡವರಲ್ಲಿ ಏರಲಿಲ್ಲ. 19 ಜನರ ಪ್ರಯೋಗ ಚಿಕ್ಕದು, ಅದರಿಂದಲೇ ಶಾಸನ ಬರೆಯಲಾಗದು. ಆದರೂ ಪಕ್ಕದ ಮೇಜಿನ ಡಬ್ಬಿ ಎಂದೂ ಕೇಳದ ಪ್ರಶ್ನೆಯನ್ನು ಅದು ಕೇಳುತ್ತದೆ: ನೀನು ಉಣ್ಣುವುದು ಎಷ್ಟು ಹೊತ್ತಿಗೆ, ಆ ಹೊತ್ತನ್ನು ಗೊತ್ತುಮಾಡಿದವರು ಯಾರು?

ಇಲ್ಲಿನ ಕಂಪನಿಗಳು ವರ್ಷಕ್ಕೊಮ್ಮೆ ಹೆಲ್ತ್ ಚೆಕಪ್ ಮಾಡಿಸುತ್ತವೆ. ರಿಪೋರ್ಟಿನಲ್ಲಿ ಎಚ್‌ಬಿಎ1ಸಿ ಇರುತ್ತದೆ, ಟಿಎಸ್‌ಎಚ್ ಇರುತ್ತದೆ, ಕೊನೆಗೆ ಜೀವನಶೈಲಿ ಬದಲಿಸಿಕೊಳ್ಳಿ ಎಂಬ ಒಂದು ಸಾಲು ಇರುತ್ತದೆ. ಅದೇ ಉದ್ಯೋಗಿಯ ಹನ್ನೆರಡು ತಿಂಗಳ ಶಿಫ್ಟ್ ಪಟ್ಟಿ ಇನ್ನೊಂದು ಕಂಪ್ಯೂಟರಿನಲ್ಲಿ ಇದ್ದೇ ಇರುತ್ತದೆ. ಆ ಎರಡನ್ನೂ ಡಾಕ್ಟರ ಮುಂದೆ ಅಕ್ಕಪಕ್ಕ ಇಡಿ ಎಂದು ಕೇಳುವುದು ಉದ್ಯೋಗಿಯ ಹಕ್ಕು. ಸತತ ಎಷ್ಟು ತಿಂಗಳ ರಾತ್ರಿಪಾಳಿಯ ನಂತರ ಹಗಲಿಗೆ ಮರಳಿಸಬೇಕೆಂದು ಡಾಕ್ಟರು ಬರೆದುಕೊಡಲಿ, ಮ್ಯಾನೇಜರು ಅದಕ್ಕೆ ಸಹಿ ಹಾಕಲಿ. ರಕ್ತ ತೆಗೆಯುವ ಲ್ಯಾಬಿನ ಫಾರಂನಲ್ಲಿ “ಯಾವ ಸಪ್ಲಿಮೆಂಟ್, ಎಷ್ಟು ದಿನದಿಂದ” ಎಂಬ ಒಂದು ಸಾಲು ಸೇರಲಿ. ಅದಕ್ಕೆ ಹೊಸ ಕಾನೂನೂ ಬೇಡ, ಹೊಸ ಖರ್ಚೂ ಇಲ್ಲ.