ಅರಿಶಿನ ನಮ್ಮದು, ಹುಡುಕುವ ವಿದ್ಯೆ ಯಾರದು?



ಎಂ.ಎಸ್ಸಿ. ಕೆಮಿಸ್ಟ್ರಿ ಓದುವ ನಮ್ಮ ಮಕ್ಕಳಿಗೆ 'ಇಂಗ್ಲಿಷ್ ಸಾಲದು, ಅದಕ್ಕೇ ಸಂಶೋಧನೆಗೆ ಲಾಯಕ್ಕಿಲ್ಲ' ಎಂದು ಷರಾ ಬರೆಯುವ ಮಹಾಶಯರಿಗೆ ಒಂದು ಪ್ರಶ್ನೆ. ವಿಜ್ಞಾನದ ಮಾಹಿತಿ ಹುಡುಕುವುದು ಹೇಗೆಂದು ಅವರಿಗೆ ಯಾವತ್ತಾದರೂ, ಯಾವ ಭಾಷೆಯಲ್ಲಾದರೂ ಕೂರಿಸಿಕೊಂಡು ಕಲಿಸಿದ್ದೀರಾ ಸ್ವಾಮಿ?

ನಾನು ಪಿಯುಸಿಗೇ ಓದು ಮುಗಿಸಿ ಪ್ರೆಸ್ ನಡೆಸುವವನು. ಆದರೆ ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಮಕ್ಕಳ ಪ್ರಾಜೆಕ್ಟ್ ವರದಿಗಳು ಬೈಂಡಿಂಗಿಗೆ ಬರುವುದು ನಮ್ಮಂಥವರ ಟೇಬಲ್ಲಿಗೇ. ಕೊನೆಯ ಪುಟದ ಆಧಾರಗಳ ಪಟ್ಟಿ ನೋಡಿದರೆ ಹೋದ ವರ್ಷದ್ದೇ, ಅಚ್ಚಿನ ತಪ್ಪುಗಳ ಸಮೇತ! ಮೂರು ವರ್ಷ ಅದೇ ಸ್ಪೆಲಿಂಗ್ ತಪ್ಪು ಬಂದರೆ ಪ್ರೂಫ್ ನೋಡುವವನ ಕಣ್ಣಿಗೆ ಬೀಳದೆ ಇರುತ್ತದೆಯೇ? ಮಕ್ಕಳನ್ನು ಬೈಯಬೇಡಿ. ಬಾವಿ ತೋರಿಸದೆ ನೀರು ತಾ ಎಂದರೆ ಪಕ್ಕದ ಮನೆಯ ಕೊಡವನ್ನೇ ಎತ್ತಿಕೊಂಡು ಬರುತ್ತಾರೆ.

ಹುಡುಕುವ ವಿದ್ಯೆಗೆ ಎಷ್ಟು ಬೆಲೆ ಎಂಬುದನ್ನು ನಮ್ಮ ಹೊಲದ ಅರಿಶಿನವೇ ಹೇಳುತ್ತದೆ. ಗಾಯಕ್ಕೆ ಅರಿಶಿನ ಹಚ್ಚುವುದಕ್ಕೆ 1995ರ ಮಾರ್ಚ್‌ನಲ್ಲಿ ಅಮೆರಿಕದ ಪೇಟೆಂಟ್ ಕಚೇರಿ ಮಿಸಿಸಿಪ್ಪಿ ವಿಶ್ವವಿದ್ಯಾನಿಲಯದ ವೈದ್ಯಕೀಯ ಕೇಂದ್ರಕ್ಕೆ ಹಕ್ಕು ಬರೆದುಕೊಟ್ಟಿತು. ಅರ್ಜಿ ಹಾಕಿದವರು ಭಾರತ ಮೂಲದವರೇ ಎಂಬುದು ಬೇರೆ ಮಾತು! ನಮ್ಮಜ್ಜಿ ಹಚ್ಚುತ್ತಿದ್ದಳು ಎಂದರೆ ಅವರ ಕಾನೂನು ಕೇಳಲಿಲ್ಲ. ಅಚ್ಚಾದ ದಾಖಲೆ ತಾ ಎಂದಿತು. (ಪ್ರೆಸ್ಸಿನವನಿಗೆ ಇದಕ್ಕಿಂತ ಖುಷಿಯ ಕಾನೂನು ಇಲ್ಲ.) ನಮ್ಮ ಸಿ.ಎಸ್.ಐ.ಆರ್. ಸಂಸ್ಥೆ ಹುಡುಕಿ ಹುಡುಕಿ ಸಂಸ್ಕೃತ, ಹಿಂದಿ, ಉರ್ದು ಗ್ರಂಥಗಳು, 1953ರ ಭಾರತೀಯ ವೈದ್ಯಕೀಯ ಸಂಘದ ಪತ್ರಿಕೆಯ ಲೇಖನ, ಹೀಗೆ 32 ಆಧಾರಗಳನ್ನು ಮುಂದಿಟ್ಟಿತು. 1997ರಲ್ಲಿ ಪೇಟೆಂಟ್ ಬಿದ್ದುಹೋಯಿತು.

ಆಮೇಲೆ 2001ರಲ್ಲಿ ಕೇಂದ್ರ ಸರ್ಕಾರ ಸಾಂಪ್ರದಾಯಿಕ ಜ್ಞಾನದ ಡಿಜಿಟಲ್ ಗ್ರಂಥಾಲಯ ಶುರುಮಾಡಿತು. ಹಳೆಯ ವೈದ್ಯಗ್ರಂಥಗಳ ಸಾರ ಅಲ್ಲಿ ಇಂಗ್ಲಿಷ್, ಜರ್ಮನ್, ಫ್ರೆಂಚ್, ಸ್ಪ್ಯಾನಿಷ್, ಜಪಾನಿ ಭಾಷೆಗಳಲ್ಲಿದೆ. ಮೂಲ ಭಾಷೆಗಳೆಂದು ಅವರು ಹೆಸರು ಹಿಡಿದು ಹೇಳುವುದು ಸಂಸ್ಕೃತ, ಹಿಂದಿ, ಅರಬ್ಬಿ, ಪರ್ಷಿಯನ್, ಉರ್ದು, ತಮಿಳು. ಕನ್ನಡದ ಹೆಸರೇ ಇಲ್ಲ! 14ನೇ ಶತಮಾನದಲ್ಲೇ ವಿಷವೈದ್ಯದ ಮೇಲೆ 'ಖಗೇಂದ್ರಮಣಿದರ್ಪಣ' ಬರೆದ ಮಂಗರಾಜ ಯಾವ ದೇಶದವನು? ಅದರಲ್ಲಿ ಹೇಳಿದ ಬೇರು ನಾರುಗಳಲ್ಲಿ ಯಾವ ರಾಸಾಯನಿಕ ಇದೆ, ಅದರ ಮೇಲೆ ಜಗತ್ತಿನಲ್ಲಿ ಯಾರ್ಯಾರು ಕೆಲಸ ಮಾಡಿದ್ದಾರೆ ಎಂದು ಹುಡುಕಿ ತೆಗೆಯುವವರು ಯಾರು? ಕನ್ನಡವನ್ನೂ ಕೆಮಿಸ್ಟ್ರಿಯನ್ನೂ ಬಲ್ಲ ನಮ್ಮ ಮಕ್ಕಳೇ ಆಗಬೇಕು.

ಇಂಗ್ಲಿಷ್ ಇಲ್ಲದೆ ಹೇಗೆ ಎನ್ನುತ್ತೀರಾ? ಲೇಖನ ಓದಲು ಇಂಗ್ಲಿಷ್ ಬೇಕು, ಒಪ್ಪಿದೆ. ಹುಡುಕುವ ಕ್ರಮವನ್ನು ಕನ್ನಡದಲ್ಲಿ ಹೇಳಿಕೊಡಲು ಏನು ರೋಗ? ಅಮೆರಿಕದ 'ಕೆಮಿಕಲ್ ಆಬ್‌ಸ್ಟ್ರಾಕ್ಟ್ಸ್' ಸಂಸ್ಥೆ 1907ರಿಂದ ಲೇಖನಗಳ ಸಾರ ಕೂಡಿಡುತ್ತಿದೆ. 1965ರಿಂದ ಒಂದೊಂದು ರಾಸಾಯನಿಕಕ್ಕೂ ಒಂದೊಂದು ನಂಬರ್ ಕೊಡುತ್ತಿದೆ. ಅರಿಶಿನಕ್ಕೆ ಹಳದಿ ಬಣ್ಣ ಕೊಡುವ ಕರ್ಕ್ಯುಮಿನ್ನಿನ ನಂಬರ್ 458-37-7. ಕೊನೆಯ ಅಂಕಿ ಕಾವಲುಗಾರ. ಉಳಿದವನ್ನು ಬಲಗಡೆಯಿಂದ ಕ್ರಮವಾಗಿ 1, 2, 3, 4, 5ರಿಂದ ಗುಣಿಸಿ ಕೂಡಿದರೆ 77. ಅದರ ಕೊನೆಯ ಅಂಕಿ 7, ತಾಳೆಯಾಯಿತು. ಕೈತಪ್ಪಿ ಹೊಡೆದ ನಂಬರ್ ಬಹುಪಾಲು ಇಲ್ಲೇ ಸಿಕ್ಕಿಬೀಳುತ್ತದೆ. 'ಟರ್ಮರಿಕ್' ಎಂದು ಹುಡುಕಿದರೆ ಸಾರಿನ ಪುಡಿಯಿಂದ ಮುಖದ ಕ್ರೀಮಿನವರೆಗೆ ರಾಶಿ ಬೀಳುತ್ತದೆ. ನಂಬರ್ ಹಿಡಿದು ಹೋದರೆ ಆ ಒಂದೇ ವಸ್ತು. ಗುಂಡ್ಲುಪೇಟೆಯ ಹೊಲಗಳಲ್ಲಿ ಕಾಣುವ ಚೆಂಡುಹೂವಿನ ಲೂಟೀನಿಗೆ 127-40-2. ನೀವೇ ಗುಣಿಸಿ ನೋಡಿ. ಈ ನಂಬರ್ ಯಾವ ಕಾನ್ವೆಂಟಿನಲ್ಲಿ ಓದಿದೆ?

ಹುಡುಕಲು ಬಾರದಿದ್ದರೆ ಮೋಸ ಹೋಗುವುದೂ ಖಂಡಿತ. ಕರ್ಕ್ಯುಮಿನ್ ಸರ್ವರೋಗಕ್ಕೂ ಮದ್ದು ಎಂದು ಬರೆಯುವ ಹುಡುಗನಿಗೆ, ಅದು ಪ್ರಯೋಗಾಲಯದ ಪರೀಕ್ಷೆಗಳಲ್ಲಿ ಸುಳ್ಳು ಫಲಿತಾಂಶ ತೋರಿಸಬಲ್ಲದು ಎಂದು 2017ರಲ್ಲೇ 'ಜರ್ನಲ್ ಆಫ್ ಮೆಡಿಸಿನಲ್ ಕೆಮಿಸ್ಟ್ರಿ' ಎಚ್ಚರಿಸಿದ್ದು ಗೊತ್ತೇ ಇರುವುದಿಲ್ಲ. ಹಳೆಯ ಲೇಖನ ಸಿಕ್ಕಿದ ಮೇಲೆ ಅದನ್ನು ಆಮೇಲೆ ಯಾರು ಒಪ್ಪಿದರು, ಯಾರು ಜಾಡಿಸಿದರು ಎಂದು ನೋಡುವುದನ್ನು ಯಾರೂ ಹೇಳಿಕೊಟ್ಟಿಲ್ಲವಲ್ಲ!

ಒಂದು ಕಾಲಕ್ಕೆ ಕೆಮಿಸ್ಟ್ರಿಯ ಮಹಾ ಕೈಪಿಡಿ 'ಬೈಲ್‌ಸ್ಟೈನ್' ಇದ್ದದ್ದು ಜರ್ಮನ್ನಿನಲ್ಲಿ. ಅಮೆರಿಕದ ಸಂಶೋಧಕರು ಅದನ್ನು ಓದುವಷ್ಟು ಜರ್ಮನ್ ಕಲಿತರು. ಕ್ಲಾಸಿನ ಪಾಠ ಮಾತ್ರ ಅವರ ಇಂಗ್ಲಿಷಿನಲ್ಲೇ ನಡೆಯಿತು. ನಮಗೇಕೆ ಬೇರೆ ನ್ಯಾಯ? ಕನ್ನಡಕ್ಕೆ ತ್ರಾಣವಿಲ್ಲ ಎನ್ನುವವರು 1918ರಲ್ಲೇ 'ವಿಜ್ಞಾನ' ಮಾಸಪತ್ರಿಕೆ ಹೊರಡಿಸಿದ ಬೆಳ್ಳಾವೆ ವೆಂಕಟನಾರಣಪ್ಪನವರನ್ನು, ಕೆಮಿಸ್ಟ್ರಿ ಮೇಷ್ಟ್ರಾಗಿದ್ದುಕೊಂಡೇ ಕನ್ನಡದಲ್ಲಿ ವಿಜ್ಞಾನ ಬರೆದ ಜೆ.ಆರ್. ಲಕ್ಷ್ಮಣರಾಯರನ್ನು ಒಮ್ಮೆ ನೆನೆಯಲಿ.

ದುಡ್ಡಿಲ್ಲ ಎಂಬ ನೆಪವೂ ಈಗ ಉಳಿದಿಲ್ಲ. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ 'ಒಂದು ದೇಶ ಒಂದು ಚಂದಾ' ಯೋಜನೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಒಪ್ಪಿತು. ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸುಮಾರು 13,000 ಪತ್ರಿಕೆಗಳು! ಬೀರು ತುಂಬಿದೆ, ಬೀಗ ತೆಗೆಯುವುದನ್ನು ಕಲಿಸುವವರಿಲ್ಲ.

ಗೆಳೆಯರೇ, ನಾಮಫಲಕದಲ್ಲಿ ಶೇ. 60 ಕನ್ನಡ ಎಂಬ ಕಾನೂನು 2024ರಲ್ಲಿ ಬಂತು. ಸಂತೋಷ. ಈಗ ವಿಶ್ವವಿದ್ಯಾನಿಲಯಗಳ ಗೇಟಿಗೆ ಹೋಗಿ ಕೇಳೋಣ: ಎಂ.ಎಸ್ಸಿ. ಮೊದಲ ಸೆಮಿಸ್ಟರಿನಲ್ಲೇ ಮಾಹಿತಿ ಹುಡುಕುವ ಪಾಠ ಬೇಕು, ಕಂಪ್ಯೂಟರ್ ಮುಂದೆ ಕೂರಿಸಿ ಕನ್ನಡದಲ್ಲಿ ಕಲಿಸಬೇಕು, ಅದಕ್ಕೆ ಅಂಕ ಇರಬೇಕು, ಕೈಗೊಂದು ಕನ್ನಡ ಕೈಪಿಡಿ ಕೊಡಬೇಕು. ಆ ಕೈಪಿಡಿ ಬರೆದುಕೊಡಲು ಯಾರಾದರೂ ಮೇಷ್ಟ್ರು ಮುಂದೆ ಬಂದರೆ, ಮೊದಲ ಐನೂರು ಪ್ರತಿಗಳನ್ನು ಬರೀ ಕಾಗದದ ಖರ್ಚಿಗೆ ನಾನು ಅಚ್ಚು ಹಾಕಿಕೊಡುತ್ತೇನೆ.