13 ಲಕ್ಷ ವರಹ ಕೊಟ್ಟು ಕೊಂಡ ಶಾಂತಿ

ವಿದೇಶಾಂಗ ಸಚಿವರಿಗೆ ಚಿತ್ರದುರ್ಗದಿಂದ ಒಂದು ಬಹಿರಂಗ ಪತ್ರ

ಶ್ರೀ ಎಸ್. ಜೈಶಂಕರ್ ಅವರಿಗೆ
ಮಾನ್ಯ ವಿದೇಶಾಂಗ ಸಚಿವರು, ಭಾರತ ಸರ್ಕಾರ, ನವದೆಹಲಿ

ಮಾನ್ಯರೇ,



ಚಿತ್ರದುರ್ಗ ಪಟ್ಟಣದ ದಕ್ಷಿಣಕ್ಕೆ ಜೋಗಿಮಟ್ಟಿ ಎಂಬ ಗುಡ್ಡವಿದೆ. ನೆತ್ತಿಯ ಮೇಲೆ ನಿಂತರೆ ಮಾತು ಬಾಯಿಂದ ಹೊರಡುವ ಮೊದಲೇ ಗಾಳಿ ಹೊತ್ತೊಯ್ಯುತ್ತದೆ. ಸುತ್ತಲ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿರುತ್ತವೆ. ಬಡಗಲಿಗೆ ಕಣ್ಣು ಹಾಯಿಸಿದರೆ ಬಂಡೆಗಳ ರಾಶಿಯ ನಡುವೆ ನಮ್ಮ ಏಳುಸುತ್ತಿನ ಕೋಟೆ. ನಾನು ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತನಾದವನು. ವರ್ಷಕ್ಕೊಮ್ಮೆ ಮಕ್ಕಳನ್ನು ಈ ಗುಡ್ಡ ಹತ್ತಿಸಿ, ಕೋಟೆಯತ್ತ ಕೈ ತೋರಿಸಿ ಕೇಳುತ್ತಿದ್ದೆ: "ಇಷ್ಟು ಗಟ್ಟಿ ಕೋಟೆ ಹೇಗ್ರೋ ಬಿತ್ತು?" ತೋಪು ಎನ್ನುತ್ತಿದ್ದರು, ಮೋಸ ಎನ್ನುತ್ತಿದ್ದರು. ಕೋಟೆ ಬಿದ್ದದ್ದು 1779ರಲ್ಲಿ, ಆದರೆ ಅದರ ಬುಡ ಸಡಿಲವಾದದ್ದು ಎರಡು ವರ್ಷ ಮೊದಲಿನ ಒಂದು ರಾಜಿಯಲ್ಲಿ ಎಂದು ನಾನು ಹೇಳುತ್ತಿದ್ದೆ. ಆ ರಾಜಿಯ ನೆನಪೇ ಇವತ್ತು ಉಕ್ರೇನಿನ ವಿಚಾರವಾಗಿ ತಮಗೆ ಪತ್ರ ಬರೆಸುತ್ತಿದೆ.

1777ರಲ್ಲಿ ಮರಾಠರು ಮತ್ತು ನಿಜಾಮ ಸೇರಿ ಮೈಸೂರಿನ ಹೈದರಾಲಿಯ ಮೇಲೆ ಏರಿಬರಲು ಸಜ್ಜಾದ ಹೊತ್ತಿನಲ್ಲಿ ದುರ್ಗದ ಮದಕರಿ ನಾಯಕ ಹೈದರನಿಗೆ ದಂಡು ಕಳಿಸಲಿಲ್ಲ. ಹೈದರ ದುರ್ಗಕ್ಕೆ ಮುತ್ತಿಗೆ ಹಾಕಿದ. ತಿಂಗಳುಗಟ್ಟಲೆ ಕಾದರೂ ಕೋಟೆ ಜಗ್ಗಲಿಲ್ಲ. ಕೊನೆಗೆ ರಾಜಿಯಾಯಿತು, ನಾಯಕನ ಮೇಲೆ 13 ಲಕ್ಷ ವರಹದ ದಂಡ ಬಿತ್ತು ಎಂದು ಮೈಸೂರು ಗೆಜೆಟಿಯರ್ ಬರೆದ ಲೂಯಿ ರೈಸ್ ದಾಖಲಿಸಿದ್ದಾರೆ. ದುರ್ಗ ಸೋತಿರಲಿಲ್ಲ, ಆದರೂ ದಂಡ ಕಟ್ಟಿತು. ಮತ್ತೆ ಬರುವುದಿಲ್ಲ ಎಂಬ ಮಾತಿಗೆ ಜಾಮೀನು ನಿಲ್ಲುವವರು ಯಾರೂ ಇರಲಿಲ್ಲ. ಮರಾಠರ ಕಾಟ ಕಳೆದುಕೊಂಡ ಹೈದರ 1779ರಲ್ಲಿ ಮತ್ತೆ ಬಂದ. ಈ ಸಲ ಕೋಟೆ ಬಿತ್ತು. ನಾಯಕನೂ ಅವನ ಮನೆಯವರೂ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದರು. ಬೇಡರ ಬಲ ಮುರಿಯಲೆಂದು 20,000 ಜನರನ್ನು ಊರು ಬಿಡಿಸಿ ಅಲ್ಲಿಗೇ ಸಾಗಿಸಲಾಯಿತು, ಅವರ ಹುಡುಗರಿಂದ ಚೇಲಾ ಪಡೆ ಕಟ್ಟಲಾಯಿತು ಎನ್ನುತ್ತಾರೆ ರೈಸ್.

ಇದನ್ನು ಹೈದರನೊಬ್ಬನ ದುಷ್ಟತನವೆಂದು ಓದಿದರೆ ಪಾಠ ಕೈತಪ್ಪುತ್ತದೆ. ಹದಿಮೂರೇ ವರ್ಷಕ್ಕೆ ಅದೇ ಶ್ರೀರಂಗಪಟ್ಟಣದಲ್ಲಿ ಪಾತ್ರಗಳು ಅದಲುಬದಲಾದವು. 1792ರ ಮಾರ್ಚ್‌ನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಹೈದರನ ಮಗ ಟಿಪ್ಪುವಿನಿಂದ ಅರ್ಧ ರಾಜ್ಯ ಬರೆಸಿಕೊಂಡ, 3 ಕೋಟಿ 30 ಲಕ್ಷ ರೂಪಾಯಿ ಕೇಳಿದ, ಒತ್ತೆಯಾಗಿ ಇಬ್ಬರು ಎಳೆಯ ಗಂಡುಮಕ್ಕಳನ್ನು ಮದರಾಸಿಗೆ ಒಯ್ದ. ಮಕ್ಕಳು 1794ರಲ್ಲಿ ಮನೆಗೆ ಮರಳಿದರು. ಐದು ವರ್ಷ ಕಳೆದು 1799ರ ಮೇ 4ರಂದು ಕಂಪನಿಯ ದಂಡು ಆ ಕೋಟೆಯೊಳಗೆ ನುಗ್ಗಿತು. ಟಿಪ್ಪು ಅಲ್ಲೇ ಸತ್ತ. ಕೈ ತಿರುಚಿ ಹಾಕಿಸಿಕೊಂಡ ರುಜು ಮುಂದಿನ ಯುದ್ಧಕ್ಕೆ ಇಟ್ಟ ಮುಹೂರ್ತ.

ಉಕ್ರೇನ್ ದಂಡ ಕಟ್ಟಲು ಶುರುಮಾಡಿ ಮೂವತ್ತು ವರ್ಷ ದಾಟಿದೆ. 1994ರ ಡಿಸೆಂಬರ್ 5ರಂದು ಬುಡಾಪೆಸ್ಟಿನಲ್ಲಿ ಅದು ತನ್ನ ನೆಲದಲ್ಲಿದ್ದ ಅಣ್ವಸ್ತ್ರಗಳನ್ನೆಲ್ಲ ಬಿಟ್ಟುಕೊಡಲು ಒಪ್ಪಿತು. ಆಗ ಜಗತ್ತಿನಲ್ಲಿ ಮೂರನೆಯ ದೊಡ್ಡ ಸಂಗ್ರಹ ಅದು. ಬದಲಿಗೆ ಸಿಕ್ಕಿದ್ದು ನಿನ್ನ ಗಡಿಯನ್ನು ಗೌರವಿಸುತ್ತೇವೆ ಎಂದು ರಷ್ಯಾ, ಅಮೆರಿಕ, ಬ್ರಿಟನ್ ಕೊಟ್ಟ ಮಾತು. 2014ರಲ್ಲಿ ಕ್ರೈಮಿಯಾ ಹೋಯಿತು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಒಮ್ಮೆ, 2015ರ ಫೆಬ್ರವರಿಯಲ್ಲಿ ಮತ್ತೊಮ್ಮೆ ಮಿನ್ಸ್ಕ್‌ನಲ್ಲಿ ಒಪ್ಪಂದವಾಯಿತು. ಗುಂಡಿನ ಸದ್ದು ಪೂರ್ತಿ ನಿಲ್ಲಲೇ ಇಲ್ಲ. 2022ರ ಫೆಬ್ರವರಿ 24ರಂದು ಮೂರು ದಿಕ್ಕಿನಿಂದ ದಾಳಿಯಾಯಿತು. ಮೂರು ಸಲ ರುಜು ಬಿತ್ತು. ಮೂರು ಸಲವೂ ಜಾಮೀನುದಾರರು ಹೊತ್ತಿಗೆ ಒದಗಲಿಲ್ಲ.

2025ರ ನವೆಂಬರ್‌ನಲ್ಲಿ ಅಮೆರಿಕದ 28 ಅಂಶಗಳ ಕರಡು ಹೊರಬಂತು. ದೊನೆಟ್ಸ್ಕ್ ಪ್ರಾಂತದಲ್ಲಿ ಉಕ್ರೇನ್ ಇನ್ನೂ ಉಳಿಸಿಕೊಂಡಿದ್ದ ಭಾಗವನ್ನೂ ತೆರವು ಮಾಡಬೇಕು, ಸೇನೆ 6 ಲಕ್ಷ ಮೀರಬಾರದು, ನ್ಯಾಟೋ ಸೇರುವುದಿಲ್ಲವೆಂದು ಸಂವಿಧಾನದಲ್ಲೇ ಬರೆದುಕೊಳ್ಳಬೇಕು, ಯುದ್ಧದಲ್ಲಿ ಯಾರು ಏನು ಮಾಡಿದ್ದರೂ ಎಲ್ಲರಿಗೂ ಕ್ಷಮೆ ಎಂದಿತ್ತು ಅದರಲ್ಲಿ. ಆಮೇಲೆ ತಿದ್ದುಪಡಿಗಳಾದವು. ಆದರೆ ಬಲವಿಲ್ಲದವನ ಹೊಲ ಕೊಟ್ಟು ಬಲವಿದ್ದವನನ್ನು ತಣಿಸುವ ಯೋಚನೆ ಮೇಜಿನಿಂದ ಎದ್ದುಹೋಗಿಲ್ಲ. 1938ರ ಸೆಪ್ಟೆಂಬರ್‌ನಲ್ಲಿ ಮ್ಯೂನಿಕ್‌ನಲ್ಲಿ ನಡೆದದ್ದೂ ಇದೇ. ಚೆಕೊಸ್ಲೊವಾಕಿಯಾದ ನೆಲ ಕೊಟ್ಟವರು ಆ ದೇಶವನ್ನು ಮಾತಿಗೂ ಕರೆಯಲಿಲ್ಲ. ಆರು ತಿಂಗಳಲ್ಲಿ ಹಿಟ್ಲರ್ ಪ್ರಾಗ್‌ನಲ್ಲಿದ್ದ. ಒಂದು ವರ್ಷ ತುಂಬುವ ಮೊದಲೇ ಮಹಾಯುದ್ಧ ಶುರುವಾಗಿತ್ತು.

ಆ ಕ್ಷಮೆಯ ಅಂಶ ನನ್ನನ್ನು ಬಹಳ ಕಾಡಿತು. 2022ರ ಸೆಪ್ಟೆಂಬರ್‌ನಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ 89 ವರ್ಷಗಳ ಮೇಲೆ ಕೋಡಿ ಬಿದ್ದಾಗ ಜಿಲ್ಲೆಗೆ ಜಿಲ್ಲೆಯೇ ಆ ಅಣೆಕಟ್ಟಿರುವ ಮಾರಿಕಣಿವೆಗೆ ಹರಿದುಬಂದಿತ್ತು. ಮುದುಕಿಯರು ನೀರಿಗೆ ಕುಂಕುಮ ಹಾಕಿ ಕೈಮುಗಿದದ್ದನ್ನು ನೋಡಿದ್ದೇನೆ. ಅಣೆಕಟ್ಟು ಎಂದರೆ ಏನೆಂದು ಬರದ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಇನ್ನೊಂಬತ್ತು ತಿಂಗಳಿಗೆ, 2023ರ ಜೂನ್ 6ರಂದು, ರಷ್ಯಾದ ಹಿಡಿತದಲ್ಲಿದ್ದ ಕಖೋವ್ಕಾ ಅಣೆಕಟ್ಟು ಒಡೆಯಿತು. ಕೆಳಗಿನ ಊರುಗಳು ಮುಳುಗಿದವು, ಮೇಲಿನ ಜಲಾಶಯ ಬತ್ತಿಹೋಯಿತು. ಟಿವಿಯಲ್ಲಿ ಆ ಬಿರುಕುಬಿಟ್ಟ ತಳ ಕಂಡು, ಇದು ನಮ್ಮ ಮಾರಿಕಣಿವೆಯಾಗಿದ್ದರೆ ಎಂದು ನನ್ನ ಮನೆಯಾಕೆ ಕಣ್ಣೊರೆಸಿಕೊಂಡಳು. ಯಾರು ಹೊಣೆ ಎಂದು ಕೇಳುವ ಹಕ್ಕನ್ನೇ ಅಳಿಸಿಹಾಕುವ ಕಾಗದಕ್ಕೆ ಶಾಂತಿ ಎಂದು ಹೆಸರಿಡಬಹುದೇ?

ಕೋಟೆಯ ಓಬವ್ವನ ಕಿಂಡಿಯ ಹತ್ತಿರ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಒಳಗೆ ತೂರಿಸುತ್ತಿದ್ದೆ. ಮೈ ಓರೆ ಮಾಡಿ, ತಲೆ ತಗ್ಗಿಸಿ ನುಸುಳಬೇಕು. ಬಂಡೆಯ ತಣ್ಪು ಬೆನ್ನಿಗೆ ತಾಗುತ್ತದೆ. ಒಂದು ಗಳಿಗೆ ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಹೈದರನ ಸೈನಿಕರು ಈ ಕಿಂಡಿಯಿಂದ ನುಸುಳಿದಾಗ ಕಾವಲಿನವನಾದ ಓಬವ್ವನ ಗಂಡ ಊಟಕ್ಕೆ ಕೂತಿದ್ದ. ಏಳು ಸುತ್ತು ಗೋಡೆಯಿದ್ದರೂ ಆ ಹೊತ್ತಿಗೆ ಕಿಂಡಿಯ ಪಕ್ಕ ಒನಕೆ ಹಿಡಿದು ನಿಂತವಳು ಒಬ್ಬಳು. ಒಪ್ಪಂದದಲ್ಲೂ ಅಷ್ಟೇ. ಹಾಳೆಗಳೆಷ್ಟು, ರುಜುಗಳೆಷ್ಟು ಎಂದು ಎಣಿಸಿ ಫಲವಿಲ್ಲ. ಕಿಂಡಿಯ ಪಕ್ಕ ಯಾರು ನಿಲ್ಲುತ್ತಾರೆ? ಉಕ್ರೇನ್ ಕೇಳುತ್ತಿರುವ ಭದ್ರತೆಯ ಖಾತರಿ ಎಂದರೆ ಈ ಪ್ರಶ್ನೆಯೇ. ಯುರೋಪಿನ ಉಳಿದ ದೇಶಗಳ ದಿಗಿಲೂ ಇದರಿಂದಲೇ. ದಶಕಗಟ್ಟಲೆ ಯಾವ ಸೇನಾಕೂಟವನ್ನೂ ಸೇರದೆ ಇದ್ದ ಫಿನ್ಲೆಂಡ್ 2023ರಲ್ಲಿ, ಸ್ವೀಡನ್ 2024ರಲ್ಲಿ ನ್ಯಾಟೋ ಸೇರಿದವು. 2025ರ ಸೆಪ್ಟೆಂಬರ್‌ನಲ್ಲಿ ರಷ್ಯಾದ ಡ್ರೋನ್‌ಗಳು ಪೋಲೆಂಡಿನ ಆಕಾಶಕ್ಕೇ ನುಗ್ಗಿದವು. ಉಕ್ರೇನಿನಲ್ಲಿ ಬಿಟ್ಟ ಕಿಂಡಿ ಉಕ್ರೇನಿಗೆ ಮಾತ್ರ ತೆರೆದಿರುವುದಿಲ್ಲ.

ತಾವು 2022ರ ಜೂನ್‌ನಲ್ಲಿ ಬ್ರಾಟಿಸ್ಲಾವಾದಲ್ಲಿ ಆಡಿದ ಮಾತು ನಮ್ಮ ಊರಿನವರೆಗೂ ಮುಟ್ಟಿತು. ತನ್ನ ತೊಂದರೆ ಜಗತ್ತಿನ ತೊಂದರೆ, ಜಗತ್ತಿನ ತೊಂದರೆ ತನ್ನದಲ್ಲ ಎಂಬ ಭಾವನೆಯಿಂದ ಯುರೋಪ್ ಹೊರಬರಬೇಕು ಎಂದಿರಿ. ಆ ಮಾತಿನಲ್ಲಿ ನ್ಯಾಯವಿದೆ. 2003ರಲ್ಲಿ ಇರಾಕಿನ ಮೇಲೆ ಬಾಂಬು ಬಿದ್ದಾಗ ನಿಯಮಗಳ ಮಾತು ಎಲ್ಲಿತ್ತು ಎಂದು ನನ್ನ ವಿದ್ಯಾರ್ಥಿಗಳೂ ಕೇಳಿದ್ದಾರೆ. ಆದರೆ ಈ ಯುದ್ಧ ನಮ್ಮ ಮನೆಯೊಳಗೂ ಬಂತು. 2022ರ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ತಿನ್ನಲು ಏನಾದರೂ ತರೋಣವೆಂದು ಹೊರಗೆ ಹೋಗಿದ್ದ ರಾಣೆಬೆನ್ನೂರು ತಾಲ್ಲೂಕಿನ ಚಳಗೇರಿಯ ವೈದ್ಯ ವಿದ್ಯಾರ್ಥಿ ನವೀನ್ ದಾಳಿಗೆ ಬಲಿಯಾದ. ಮೂರು ವಾರದ ಮೇಲೆ ಊರಿಗೆ ಬಂದ ಅವನ ದೇಹವನ್ನು ಹೆತ್ತವರು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಕೊಟ್ಟರು. ಡಾಕ್ಟರಾಗಿ ಬರಬೇಕಿದ್ದ ಮಗ ಡಾಕ್ಟರಾಗುವ ಬೇರೆಯವರ ಮಕ್ಕಳಿಗೆ ಪಾಠವಾದ. ಕಲಬುರಗಿ ಜಿಲ್ಲೆಯ ಯುವಕರು ಕೆಲಸದ ಆಸೆಗೆ ಹೋಗಿ ರಷ್ಯಾದ ಸೇನೆಯಲ್ಲಿ ಸಿಕ್ಕಿಬಿದ್ದು 2024ರಲ್ಲಿ ಜೀವ ಉಳಿಸಿಕೊಂಡು ಬಂದರು. ಆ ಬಿಡುಗಡೆಗೆ ತಮ್ಮ ಸರ್ಕಾರ ದುಡಿದದ್ದನ್ನು ಕೃತಜ್ಞತೆಯಿಂದ ನೆನೆಯುತ್ತೇನೆ. ಸೂರ್ಯಕಾಂತಿ ಬೆಳೆಯುವ ನಮ್ಮ ಜಿಲ್ಲೆಯಲ್ಲೇ 2022ರ ವಸಂತದಲ್ಲಿ ಸೂರ್ಯಕಾಂತಿ ಎಣ್ಣೆ ಲೀಟರಿಗೆ ಇನ್ನೂರರ ಹತ್ತಿರ ಹೋಯಿತು. ದೇಶಕ್ಕೆ ಬರುತ್ತಿದ್ದ ಆ ಎಣ್ಣೆಯ ಬಹುಪಾಲು ಉಕ್ರೇನಿನದು. ಯುಗಾದಿಯ ಹೋಳಿಗೆಗೆ ಎಂದು ಅಂಗಡಿಗೆ ಹೋದರೆ ಮನೆಗೆ ಎರಡೇ ಪ್ಯಾಕೆಟ್ ಎಂದು ಎಣಿಸಿ ಕೊಟ್ಟರು.

ಮೊದಲು ಸಾವು ನಿಲ್ಲಲಿ, ನ್ಯಾಯ ಆಮೇಲೆ ಎನ್ನುವವರಿದ್ದಾರೆ. ಆ ಕಳಕಳಿಗೆ ತಲೆಬಾಗುತ್ತೇನೆ. ಗುಂಡು ನಾಳೆಯಲ್ಲ, ಇವತ್ತೇ ನಿಲ್ಲಲಿ. ಆದರೆ ಕದನವಿರಾಮ ಬೇರೆ, ಕದ್ದ ಹೊಲಕ್ಕೆ ಪಟ್ಟಾ ಬರೆದುಕೊಡುವುದು ಬೇರೆ. ಬದುಕಿ ಉಳಿಯಲು ಉಕ್ರೇನಿನ ಜನ ತಾವಾಗಿ ಏನನ್ನಾದರೂ ಬಿಟ್ಟುಕೊಡುವುದಾದರೆ ಅದು ಅವರ ನಿರ್ಧಾರ. ಅವರ ಪರವಾಗಿ ಬೇರೆಯವರು ಕೊಡುವಂತಿಲ್ಲ.

ನಮಗೂ ಹಿಮಾಲಯದಲ್ಲಿ ಗಡಿಯಿದೆ. 2020ರ ಜೂನ್‌ನಲ್ಲಿ ಗಾಲ್ವಾನ್ ಕಣಿವೆಯಲ್ಲಿ ನಮ್ಮ 20 ಯೋಧರು ಪ್ರಾಣ ಕೊಟ್ಟರು. ಲಡಾಖಿನ ಸುಮಾರು 38,000 ಚದರ ಕಿಲೋಮೀಟರ್ ಚೀನಾದ ಅಕ್ರಮ ಹಿಡಿತದಲ್ಲಿದೆ ಎಂದು ತಮ್ಮ ಸಚಿವಾಲಯವೇ ಹೇಳುತ್ತ ಬಂದಿದೆ. ಬಲದಿಂದ ಗಡಿ ಬದಲಿಸಿದವನಿಗೆ ಜಗತ್ತು ಒಮ್ಮೆ ರುಜು ಹಾಕಿಕೊಟ್ಟರೆ, ನಾಳೆ ನಮ್ಮ ಪರವಾಗಿ ಯಾರ ಬಾಯಿ ತೆರೆದೀತು?

ಭಾರತ ತಟಸ್ಥವಲ್ಲ, ಶಾಂತಿಯ ಪಕ್ಷದಲ್ಲಿದೆ ಎಂದು ಪ್ರಧಾನಿಯವರು 2024ರ ಆಗಸ್ಟ್‌ನಲ್ಲಿ ಕೀವ್‌ನಲ್ಲಿ ಹೇಳಿದ್ದಾರೆ. ಶಾಂತಿಯ ಪಕ್ಷಕ್ಕೆ ಮಾಡಲು ಕೆಲಸವಿದೆ, ಅದನ್ನು ಮಾಡಿ ತೋರಿಸಿದ ಕನ್ನಡನಾಡಿನವರಿದ್ದಾರೆ. 1953ರಲ್ಲಿ ಕೊರಿಯಾ ಯುದ್ಧ ನಿಂತಾಗ, ತಮ್ಮ ದೇಶಕ್ಕೆ ಮರಳಲು ಒಪ್ಪದ 20,000ಕ್ಕೂ ಹೆಚ್ಚು ಯುದ್ಧಕೈದಿಗಳ ಹೊಣೆ ಹೊತ್ತ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿದ್ದವರು ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯ. ಎರಡೂ ಕಡೆಯವರು ಗದರಿದರೂ ಕೈದಿಗಳನ್ನು ಬಲವಂತದಿಂದ ಎಳೆದೊಯ್ಯಲು ಅವರು ಬಿಡಲಿಲ್ಲ. ಮುಂದೆ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆ ನಡೆಸುತ್ತಿದ್ದಾಗಲೇ, 1965ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಕಿಂಡಿಯ ಪಕ್ಕ ನಿಲ್ಲುವುದು ಎಂದರೆ ಅದು.

ಆದ್ದರಿಂದ ತಮ್ಮಲ್ಲಿ ಮೂರು ಬೇಡಿಕೆ. ಉಕ್ರೇನ್ ಕುಳಿತು ಒಪ್ಪದ ಯಾವ ಒಪ್ಪಂದಕ್ಕೂ, ಬಲದಿಂದ ಕಿತ್ತುಕೊಂಡ ಯಾವ ಗಡಿಗೂ ಭಾರತದ ಮನ್ನಣೆಯಿಲ್ಲ ಎಂದು ಬಾಯಿಬಿಟ್ಟು ಹೇಳಿ. ನ್ಯಾಯವಾದ ರಾಜಿ ಆದ ದಿನ, ಅದನ್ನು ಕಾಯಲು ವಿಶ್ವಸಂಸ್ಥೆಯ ನೆರಳಿನಲ್ಲಿ ನಮ್ಮವರನ್ನು ಕಳಿಸಲು ಸಿದ್ಧ ಎಂದು ಈಗಲೇ ತಿಳಿಸಿ. ಮೂರನೆಯದು ಮಕ್ಕಳ ವಿಷಯ. ರಷ್ಯಾಕ್ಕೆ ಸಾಗಿಸಿದ ತನ್ನ 19,000ಕ್ಕೂ ಹೆಚ್ಚು ಮಕ್ಕಳನ್ನು ಉಕ್ರೇನ್ ಗುರುತಿಸಿದೆ. ಇದೇ ಆರೋಪದ ಮೇಲೆ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ 2023ರ ಮಾರ್ಚ್ 17ರಂದು ರಷ್ಯಾದ ಅಧ್ಯಕ್ಷರ ಮೇಲೆ ಬಂಧನದ ವಾರಂಟ್ ಹೊರಡಿಸಿತು. ಮಾಸ್ಕೋದ ಬಾಗಿಲು ತಟ್ಟಿದರೆ ತೆರೆಯುವುದು ಇವತ್ತು ಕೆಲವೇ ದೇಶಗಳಿಗೆ. ಅದರಲ್ಲಿ ನಮ್ಮದೂ ಒಂದು.

ಶ್ರೀರಂಗಪಟ್ಟಣಕ್ಕೆ ಸಾಗಿಸಿದ ದುರ್ಗದವರ ಸಂಖ್ಯೆಯನ್ನು ರೈಸ್ ಬರೆದರು, ಹೆಸರು ಬರೆಯಲಿಲ್ಲ. ಪಾಠ ಮಾಡುವಾಗ ಯಾವುದಾದರೂ ಮಗು ಎದ್ದು, "ಆ ಹುಡುಗರು ವಾಪಸ್ ಬಂದ್ರಾ ಸಾರ್?" ಎಂದು ಕೇಳಿದರೆ ನನ್ನಲ್ಲಿ ಉತ್ತರವಿರುತ್ತಿರಲಿಲ್ಲ. ಉಕ್ರೇನಿನ ಮಕ್ಕಳಿಗೆ ಹೆಸರಿದೆ, ಹುಟ್ಟಿದ ದಿನವಿದೆ, ಕಾಯುತ್ತಿರುವ ಮನೆಯಿದೆ. ಮುಂದಿನ ಸಲ ಮಾಸ್ಕೋಗೆ ಹೋದಾಗ, ಕಚ್ಚಾ ತೈಲದ ದರದ ಕಡತ ಬಿಚ್ಚುವ ಮೊದಲು, ಆ ಪಟ್ಟಿಯನ್ನು ಮೇಜಿನ ಮೇಲಿಡಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಇತಿಹಾಸ ಶಿಕ್ಷಕ
ಜೋಗಿಮಟ್ಟಿ ರಸ್ತೆ, ಚಿತ್ರದುರ್ಗ